ಅಡುಗೆಮನೆ ಹಲಗೆಯ ಕೆಳಗಿನ ಕಾಯಿಲ್

೩ ಫೆಬ್ರವರಿ ೨೦೨೫, ಸೋಮವಾರ

ಇದು ನನ್ನ ವೈಂಡಿಂಗ್ ಪುಸ್ತಕ. ಮುಂದಿನ ಪುಟಗಳಲ್ಲಿ ಮೂವತ್ತೆರಡು ವರ್ಷದ ಮೋಟಾರುಗಳಿವೆ: ಯಾರದು, ಎಷ್ಟು ಸುತ್ತು, ಯಾವ ಗೇಜಿನ ತಂತಿ. ಸುಟ್ಟ ಮೋಟಾರು ಬಿಚ್ಚುವಾಗ ಹಳೆಯ ಸುತ್ತು ಎಣಿಸಿ ಬರೆದಿಟ್ಟುಕೊಳ್ಳದಿದ್ದರೆ ಮತ್ತೆ ಸುತ್ತಲು ಬರುವುದಿಲ್ಲ. ಇವತ್ತು ಪುಸ್ತಕ ತಿರುಗಿಸಿ ಹಿಂದಿನಿಂದ ಬರೆಯುತ್ತಿದ್ದೇನೆ. ಲಕ್ಷ್ಮಯ್ಯನ ಮಗ್ಗದ ಮೋಟಾರಿಗೆ ವಾರ್ನಿಷ್ ಹಾಕಿ ಬಿಸಿಲಿಗಿಟ್ಟಿದ್ದೇನೆ. ಅದು ಒಣಗುವವರೆಗೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ.

ಹೆಂಡತಿ ಗಂಗಾ ತನ್ನ ತಮ್ಮನ ಮನೆಗೆ, ಸಮೇತನಹಳ್ಳಿಗೆ ಹೋಗಿ ಹದಿನೆಂಟು ದಿನವಾಯಿತು. ನಾಲ್ಕು ದಿನ ಎಂದು ಹೇಳಿ ಹೋದವಳು. ಬೇಜಾರೇನಿಲ್ಲ. ಹೆಂಗಸರಿಗೆ ತವರು ಬೇಕಾಗುತ್ತದೆ. ಆದರೆ ಮಧ್ಯಾಹ್ನ ಆದಾಗ ಅಂಗಡಿಯ ಹಿಂದಿನ ಬಾಗಿಲ ಕಡೆ ಕಣ್ಣು ತಾನಾಗಿ ಹೋಗುತ್ತದೆ. ಅಲ್ಲಿಂದ ಎರಡು ಹೆಜ್ಜೆಗೆ ಅಡುಗೆಮನೆ. ಅವಳು ಅಲ್ಲಿಂದ ಕೂಗುತ್ತಿದ್ದಳು, ನಾನು ಕೆಲಸ ಮುಗಿದ ಮೇಲೆ ಹೋಗುತ್ತಿದ್ದೆ. ಮುದ್ದೆ ಆರಿ ಕಲ್ಲಾಗಿದೆ ಎಂದು ಬೈಯುತ್ತಿದ್ದಳು. ಈಗ ಬಿಸಿ ಮುದ್ದೆಯೂ ಇಲ್ಲ, ಆರಿದ್ದೂ ಇಲ್ಲ. ಹೋಟೆಲಿನ ಚಿತ್ರಾನ್ನ.

ಫೋನು ಮಾಡೋಣವೆಂದರೆ ಅವಳಿಗೆ ಕೇಳುವುದಿಲ್ಲ. ಇಪ್ಪತ್ತಾರು ವರ್ಷ ಪವರ್‌ಲೂಮ್ ಶೆಡ್ಡಿನಲ್ಲಿ ನೇಯ್ದವಳ ಕಿವಿ. ಮಿಷನ್ನು ಹಾಕಿಸಿದೆವು. ಅದು ಶಿಳ್ಳೆ ಹೊಡೆಯುತ್ತದೆ, ಮಾತು ಮಾತ್ರ ಬರುವುದಿಲ್ಲ ಎಂದು ಡಬ್ಬಿಗೆ ಹಾಕಿಟ್ಟಳು.

೬ ಫೆಬ್ರವರಿ, ಗುರುವಾರ

ಲಕ್ಷ್ಮಯ್ಯನ ಶೆಡ್ಡಿಗೆ ಮೋಟಾರು ಕೂರಿಸಲು ಹೋಗಿದ್ದೆ. ಹನ್ನೆರಡು ಮಗ್ಗ ಒಟ್ಟಿಗೆ ಹೊಡೆಯುತ್ತಿದ್ದವು. ಗಂಗಾ ಇದೇ ಶೆಡ್ಡಿನಲ್ಲಿದ್ದಳು. ಒಂದು ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, ಹಿಂದೆ ತಿರುಗಿ ನೋಡದೆ, "ಮೂರನೇ ಮಗ್ಗದ ಬೆಲ್ಟು ಸಡ್ಲ ಆಗೈತೆ" ಎನ್ನುತ್ತಿದ್ದಳು. ಹೋಗಿ ನೋಡಿದರೆ ನಿಜವಾಗಿಯೂ ಆಗಿರುತ್ತಿತ್ತು. ಹೆಂಗೆ ಗೊತ್ತಾಯ್ತು ಎಂದರೆ, "ಕಾಲಿಗೆ ಗೊತ್ತಾಯ್ತದೆ" ಎನ್ನುತ್ತಿದ್ದಳು. ಕೆಲಸ ಬಿಟ್ಟ ದಿನ ಆ ಹಲಗೆಯನ್ನು ಕೇಳಿ ತಂದು ಒಲೆಯ ಮುಂದೆ ಹಾಕಿಕೊಂಡಳು. ಬರಿ ನೆಲದ ಮೇಲೆ ನಿಂತರೆ ಪಾದ ಸೇದುತ್ತದಂತೆ.

ವಾಪಸ್ಸು ಬರುವಾಗ ಹೊಳೆಯಿತು. ಕಿವಿ ಹೋದರೇನು, ಕಾಲಿದೆಯಲ್ಲ! ಹಲಗೆಯ ಕೆಳಗೆ ತಂತಿ ಸುತ್ತಿದ ಒಂದು ಕಾಯಿಲ್ ಕೂರಿಸುವುದು. ಅಂಗಡಿಯಲ್ಲಿ ನಾನು ಗುಂಡಿ ಒತ್ತಿದರೆ ಕಾಯಿಲ್ಲಿನೊಳಗಿನ ಕಬ್ಬಿಣದ ರಾಡು ಎಗರಿ ಹಲಗೆಗೆ ಮೂರು ಏಟು ಹೊಡೆಯಬೇಕು. ಬಚ್ಚಲಲ್ಲೂ ಒಂದು ಗುಂಡಿ. ನಾನು ಕರೆದರೆ ಅವಳಿಗೆ ಗೊತ್ತಾಗುತ್ತದೆ. ಆಮೇಲೆ ತಮ್ಮನ ಮನೆಯಲ್ಲಿ ಕೂರುವುದಕ್ಕೆ ಅವಳಿಗೆ ಕಾರಣವೇ ಇರುವುದಿಲ್ಲ.

೧೧ ಫೆಬ್ರವರಿ, ಮಂಗಳವಾರ

ಯಾರದು: —
ಸುತ್ತು: ೬೦೦
ಗೇಜು: ೨೨

ಕಾಯಿಲ್ ಸುತ್ತುವುದು ನನಗೆ ನೀರು ಕುಡಿದಷ್ಟು ಸುಲಭ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ತಂತಿ ಮುಟ್ಟಿಸಿದೆ, ರಾಡು ಟಣ್ಣೆಂದು ಎಗರಿತು. ಇಷ್ಟೇನಾ ಎಂದುಕೊಂಡೆ. ಆದರೆ ಕೈಯಲ್ಲಿ ತಂತಿ ಮುಟ್ಟಿಸುತ್ತಾ ಕೂರಲಾಗುತ್ತದೆಯೇ? ಲೆಕ್ಕದ ಏಟು ಹೊಡೆಯಲು ಒಂದು ಬೋರ್ಡು ಬೇಕು. ಫೋನಿನಲ್ಲಿ ನೋಡಿಕೊಂಡು ಜೋಡಿಸಿದೆ. ಮೊದಲ ಏಟಿಗೇ ಬೋರ್ಡಿನಲ್ಲಿ ಕರೆಂಟು ಬಿಟ್ಟು ಹಿಡಿಯುವ ಟ್ರಾನ್ಸಿಸ್ಟರ್ ಸತ್ತಿತು.

ಪಕ್ಕದ ಬೀದಿಯ ಮಹಡಿಯಲ್ಲಿ ನವ್ಯಶ್ರೀ ಎಂಬ ಹೆಣ್ಣುಮಗಳಿದ್ದಾಳೆ. ಸೀರೆ ಮಗ್ಗದಲ್ಲಿ ಚಿತ್ತಾರ ಮೂಡಿಸುವ ಜಕಾರ್ಡ್ ಬೋರ್ಡು ರಿಪೇರಿ ಮಾಡುತ್ತಾಳೆ. ವಯಸ್ಸು ನನ್ನ ಅನುಭವಕ್ಕಿಂತ ಕಮ್ಮಿ. ಹೋಗಲು ಮನಸ್ಸಿರಲಿಲ್ಲ, ಹೋದೆ.

"ಡಯೋಡ್ ಎಲ್ಲಿ ಕೆಂಪರಾಜಣ್ಣ?" ಎಂದಳು.

"ಯಾವ ಡಯೋಡು?"

"ಕರೆಂಟ್ ಕಟ್ ಮಾಡಿದ್ ತಕ್ಷಣ ಕಾಯಿಲ್ ವಾಪಸ್ ಒದಿಯುತ್ತೆ. ಆ ಒದೆ ತಡ್ಕೊಳೋಕೆ ದಾರಿ ಕೊಡ್ಬೇಕು. ಕೊಡದಿದ್ರೆ ಎದುರಿಗೆ ಸಿಕ್ಕಿದ್ದನ್ನ ಸುಟ್ಟಾಕುತ್ತೆ."

ಒಂದು ಡಯೋಡ್ ಕೊಟ್ಟಳು. ಚಹಾ ಕೊಡಲಿಲ್ಲ.

೧೩ ಫೆಬ್ರವರಿ, ಗುರುವಾರ

ಡಯೋಡ್ ಹಾಕಿದೆ. ಹತ್ತು ಏಟು ಹೊಡೆಯಿತು, ಹನ್ನೊಂದಕ್ಕೆ ಹೊಗೆ.

ಕಾಯಿಲ್ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ನೋಡಿಯೇ ಟ್ರಾನ್ಸಿಸ್ಟರ್ ತಂದಿದ್ದೆ. ನನ್ನ ಟಾಂಗ್ ಟೆಸ್ಟರನ್ನು ತಂತಿಗೆ ಕಚ್ಚಿಸಿ ನೋಡಿದ್ದೆ. ಸೊನ್ನೆ ಪಾಯಿಂಟ್ ಒಂದು ಆಂಪಿಯರು ತೋರಿಸಿತ್ತು. ಮೂವತ್ತೆರಡು ವರ್ಷದಲ್ಲಿ ಈ ಟಾಂಗ್ ಟೆಸ್ಟರ್ ಒಂದು ಸಲವೂ ನನಗೆ ಸುಳ್ಳು ಹೇಳಿಲ್ಲ. ಐದು ಎಚ್‌ಪಿ ಮೋಟಾರಿರಲಿ, ಹತ್ತರದಿರಲಿ, ಕಚ್ಚಿಸಿದರೆ ಮುಗಿಯಿತು. ಕಾಯಿಲ್ ಏನೂ ಎಳೆಯುತ್ತಿಲ್ಲ ಎಂದು ಅದು ಹೇಳಿದರೆ ಏನೂ ಎಳೆಯುತ್ತಿಲ್ಲ. ಟ್ರಾನ್ಸಿಸ್ಟರ್ ಕಳಪೆ ಮಾಲು, ಅಷ್ಟೆ.

೧೯ ಫೆಬ್ರವರಿ, ಬುಧವಾರ

ಮತ್ತೆರಡು ಟ್ರಾನ್ಸಿಸ್ಟರ್ ಹೋದವು. ನವ್ಯಶ್ರೀ ಟಾಂಗ್ ಟೆಸ್ಟರ್ ನೋಡಿ ನಕ್ಕಳು.

"ಇದು ಏಸಿ ಕರೆಂಟ್ ನೋಡೋಕಣ್ಣ, ಮೋಟಾರಿಗೆ. ನೀವ್ ಕೊಡ್ತಿರೋದು ಬ್ಯಾಟರಿ ಕರೆಂಟು. ಅದೂ ಕಣ್ಣು ಮಿಟುಕ್ಸೋಷ್ಟು ಹೊತ್ತು."

ಹಾಗಾದರೆ ಮಲ್ಟಿಮೀಟರ್ ಎಂದೆ. ತಂತಿ ಕತ್ತರಿಸಿ ನಡುವೆ ಜೋಡಿಸಿದೆ. ಸೊನ್ನೆ ಪಾಯಿಂಟ್ ಮೂರು. ನೋಡು, ಒಂದು ಆಂಪಿಯರೂ ಇಲ್ಲ ಎಂದು ತೋರಿಸಿದೆ.

"ಅದು ಸರಾಸರಿ. ಏಟು ಹೊಡಿಯೋ ಹೊತ್ತನ್ನೂ ಸುಮ್ನಿರೋ ಹೊತ್ತನ್ನೂ ಕಲಸಿ ಹೇಳುತ್ತೆ. ಸುಮ್ನಿರೋ ಹೊತ್ತೇ ಜಾಸ್ತಿ ಇದ್ಯಲ್ಲಣ್ಣ. ಹೊಡಿಯೋವಾಗ ಏನಾಗುತ್ತೆ ಅಂತ ಅದಕ್ಕೆ ಗೊತ್ತೇ ಆಗಲ್ಲ."

ಮಾತಿನಲ್ಲಿ ಜೋರು ಹುಡುಗಿ.

ಸಂಜೆ ಗಂಗಾಳ ತಮ್ಮ ಅಪ್ಪಯ್ಯಣ್ಣನ ಮಗಳು ಹರ್ಷಿತ ವಿಡಿಯೋ ಕಾಲ್ ಮಾಡಿದಳು. ಗಂಗಾ ಅವಳ ಪಕ್ಕದಲ್ಲಿ ಕೂತಿದ್ದಳು. ಹಸಿರು ಸೀರೆ. ಬಡವಾಗಿರುವಂತೆ ಕಂಡಿತು, ಅಥವಾ ಫೋನಿನ ಬೆಳಕೋ. ಊಟ ಆಯ್ತಾ ಎಂದು ನಾಲ್ಕು ಸಲ ಕಿರುಚಿದೆ. ಅವಳು ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದಳು.

"ಕಿರಚ್ಬೇಡಿ ಮಾವ. ಅತ್ತೆ ಬಾಯಿ ನೋಡ್ಕೊಂಡೇ ಅರ್ಥ ಮಾಡ್ಕೋತಾರೆ. ನಿಮ್ ಮೀಸೇಲಿ ತುಟೀನೇ ಕಾಣಲ್ವಂತೆ" ಎಂದಳು ಹರ್ಷಿತ.

ಮದುವೆಯಾದಾಗಿನಿಂದ ಇದೇ ಮೀಸೆ. ಈಗೇನು ಹೊಸದಾಗಿ?

೨೨ ಫೆಬ್ರವರಿ, ಶನಿವಾರ

ಕಟಿಂಗಿಗೆ ಹೋಗಿದ್ದೆ. ಮೀಸೆ ಸಣ್ಣ ಮಾಡಿಸಿದೆ. ಬಿಸಿಲು ಶುರುವಾಗಿದೆ, ಬೆವರುತ್ತದೆ.

೨೭ ಫೆಬ್ರವರಿ, ಗುರುವಾರ

ನಿನ್ನೆ ಶಿವರಾತ್ರಿ. ಅಂಗಡಿ ಮುಚ್ಚಿ ಸಮೇತನಹಳ್ಳಿಗೆ ಹೊರಟೆ. ಯಾರಿಗೂ ಹೇಳಿರಲಿಲ್ಲ. ದೇವನಹಳ್ಳಿಯಲ್ಲಿ ಇಳಿದು ಹೊಸಕೋಟೆ ಬಸ್ಸಿಗೆ ಕಾದೆ. ಬಸ್ಸು ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಅದನ್ನೂ ಹತ್ತದೆ, ಎರಡು ಎಳನೀರು ಕುಡಿದು ವಾಪಸ್ಸು ಬಂದೆ. ಡಿಸೆಂಬರಿನಲ್ಲಿ ಮುರಿದ ಕಾಲು ಇನ್ನೂ ನೋಯುತ್ತದೆ. ಬಸ್ಸಿನ ಮೆಟ್ಟಿಲು ಎತ್ತರ.

ಕಾಲು ಅಷ್ಟೇನೂ ನೋಯುತ್ತಿರಲಿಲ್ಲ.

ಹೋಗಿ ಏನು ಹೇಳುವುದು? ಬರೀ ಕೈಯಲ್ಲಿ ಹೋಗಿ "ಬಾ" ಎಂದರೆ ಬರುತ್ತಾಳೆಯೇ? ಕಾಯಿಲ್ ಸರಿಯಾಗಲಿ. ಆಗ ಹೇಳಲು ಒಂದು ಮಾತಿರುತ್ತದೆ. ಅವಳ ಕೈಬಳೆ ಪಾತ್ರೆಗೆ ತಾಗುವ ಸದ್ದು ಮನೆಯಲ್ಲಿ ಇಲ್ಲ. ಅವಳಿಗೆ ಕೇಳದ ಸದ್ದು ಅದು, ನನಗೆ ಬೇಕಾಗಿದೆ.

೮ ಮಾರ್ಚ್, ಶನಿವಾರ

ಇವತ್ತು ಕಲಿತದ್ದನ್ನು ಮರೆಯುವ ಮೊದಲು ಬರೆಯುತ್ತೇನೆ.

ನವ್ಯಶ್ರೀ ಕಾಯಿಲ್ಲಿನ ದಾರಿಯಲ್ಲಿ ಒಂದು ದಪ್ಪ ರೆಸಿಸ್ಟರ್ ಹಾಕಿದಳು, ಓಮಿನ ಹತ್ತರಲ್ಲೊಂದು ಭಾಗ. ಕರೆಂಟು ಅದರ ಮೂಲಕವೇ ಹೋಗಬೇಕು. ಅದರ ಎರಡು ತುದಿಯ ನಡುವೆ ಎಷ್ಟು ವೋಲ್ಟು ಸಿಗುತ್ತದೋ ಅದರ ಹತ್ತರಷ್ಟು ಆಂಪಿಯರು. ವೋಲ್ಟು ನೋಡಲು ಸ್ಕೋಪ್ ಎಂಬ ಯಂತ್ರ. ಟಿಫನ್ ಡಬ್ಬಿಯಷ್ಟಿದೆ. ಕರೆಂಟು ಹೇಗೆ ಬಂತು, ಹೇಗೆ ಹೋಯಿತು ಎಂದು ಪರದೆಯ ಮೇಲೆ ಗೆರೆ ಎಳೆದು ನಿಲ್ಲಿಸಿ ತೋರಿಸುತ್ತದೆ.

ಗುಂಡಿ ಒತ್ತಿದೆ. ಗೆರೆ ನೆಲದಿಂದ ಎದ್ದು ಬೆಟ್ಟ ಹತ್ತಿತು. ತುದಿಯಲ್ಲಿ ಅರ್ಧ ವೋಲ್ಟು. ಅಂದರೆ ಐದು ಆಂಪಿಯರು! ಒಂದು ಆಂಪಿಯರಿನ ಟ್ರಾನ್ಸಿಸ್ಟರ್ ಮೇಲೆ ಐದು ಆಂಪಿಯರು ಹೇರಿ, ಅದನ್ನೇ ಕಳಪೆ ಎಂದು ಬೈದಿದ್ದೆ.

ಬೆಟ್ಟ ಹತ್ತುವ ದಾರಿಯಲ್ಲಿ ಒಂದು ಕಡೆ ಗೆರೆ ತಗ್ಗಿ ಮತ್ತೆ ಏರಿತ್ತು. ಮೀಟರ್ ಕೆಟ್ಟಿದೆಯಾ ಎಂದೆ.

"ಇಲ್ಲಣ್ಣ. ಆ ಹಳ್ಳ ಇದ್ಯಲ್ಲ, ಅಲ್ಲೇ ರಾಡ್ ಎಗರಿದ್ದು. ರಾಡ್ ಓಡುವಾಗ ಕರೆಂಟ್ ಸ್ವಲ್ಪ ತಗ್ಗುತ್ತೆ. ಈಗ ರಾಡ್ ಹಿಡ್ಕೊಂಡು ಒತ್ತಿ ನೋಡಿ."

ಹೆಬ್ಬೆರಳಿನಿಂದ ರಾಡನ್ನು ಅದುಮಿ ಹಿಡಿದು ಗುಂಡಿ ಒತ್ತಿದೆ. ಗೆರೆ ನೆಟ್ಟಗೆ ಏರಿತು. ಹಳ್ಳ ಮಾಯ. ಬಿಟ್ಟು ಒತ್ತಿದೆ, ಹಳ್ಳ ಬಂತು. ಆ ಕಡೆ ಏಟು ಬಿದ್ದಿತೋ ಇಲ್ಲವೋ ಎಂದು ಈ ಕಡೆ ಕೂತೇ ಗೊತ್ತಾಗುತ್ತದೆ! ಇಪ್ಪತ್ತು ಸಲ ಒತ್ತಿದೆ. ಅವಳು ಇವತ್ತು ಚಹಾ ತರಿಸಿದಳು.

"ಯಾರಿಗಣ್ಣ ಇದು?" ಎಂದು ಕೇಳಿದಳು.

ಮೋಟಾರಿನದೊಂದು ಕೆಲಸಕ್ಕೆ ಎಂದೆ.

೨೦ ಮಾರ್ಚ್, ಗುರುವಾರ

ಹತ್ತು ಆಂಪಿಯರಿನ ಟ್ರಾನ್ಸಿಸ್ಟರ್ ಹಾಕಿದ ಮೇಲೆ ಸಾವಿರ ಏಟು ಹೊಡೆದರೂ ಬೆಚ್ಚಗೂ ಆಗಲಿಲ್ಲ. ಗಂಗಾಳ ಹಲಗೆಗೆ ಎರಡು ಕಡೆ ಮರದ ತುಂಡು ಕೊಟ್ಟು ಎತ್ತರಿಸಿ, ಕೆಳಗೆ ಕಾಯಿಲ್ಲಿನ ಪೆಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದೆ. ರಾಡಿನ ತುದಿ ಹಲಗೆಯ ತೂತಿನಲ್ಲಿ ಮಟ್ಟಸವಾಗಿ ಕೂತಿರುತ್ತದೆ, ಏಟು ಬಿದ್ದಾಗ ಕಾಲಿಂಚು ಮೇಲೇಳುತ್ತದೆ.

ಸದ್ದು ಕೇಳದವರಿಗೆ ಗೊತ್ತಾಗುತ್ತದೆಯೇ ಎಂದು ನೋಡಬೇಕಲ್ಲ. ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಮೇಣ ಒತ್ತಿ, ಮಫ್ಲರ್ ಸುತ್ತಿಕೊಂಡೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಗೇ ಇದ್ದೆ. ಏಟು ಕಾಲಿಗೆ ಚೆನ್ನಾಗಿ ಗೊತ್ತಾಯಿತು. ಅದರ ಬಗ್ಗೆ ಬರೆಯಲು ಕೂತವನಲ್ಲ.

ಗಿರಾಕಿ ಪಿಳ್ಳಣ್ಣ ತನ್ನ ಮೋಟಾರು ಕೇಳಲು ಬಂದು ಹಿಂದಿನಿಂದ ಎಷ್ಟು ಸಲ ಕರೆದನೋ. ಗೊತ್ತಾದದ್ದು ಭುಜ ಹಿಡಿದು ಅಲುಗಿಸಿದಾಗಲೇ. ತಿರುಗಿದರೆ ಅವನು ಯಾರಿಗೋ ಏನೋ ಹೇಳುತ್ತಿದ್ದಾನೆ, ಬಾಗಿಲಲ್ಲಿ ನಿಂತ ಇಬ್ಬರು ನಗುತ್ತಿದ್ದಾರೆ. ಏನು ಹೇಳಿದ, ಯಾಕೆ ನಕ್ಕರು, ಗೊತ್ತಿಲ್ಲ. ನಾನೂ ಸುಮ್ಮನೆ ಹಲ್ಲು ಬಿಟ್ಟೆ. ಗಂಗಾ ಮದುವೆ ಮನೆಗಳಲ್ಲಿ ಹೀಗೇ ಹಲ್ಲು ಬಿಡುತ್ತಿದ್ದಳು. ಏನು ಅರ್ಥವಾಯಿತೆಂದು ನಗ್ತೀಯ ಎಂದು ನಾನು ರೇಗುತ್ತಿದ್ದೆ.

ಅದನ್ನೂ ಬರೆದುಬಿಡುತ್ತೇನೆ. ಅವಳು ನಾಲ್ಕು ದಿನ ಎಂದು ಹೇಳಿ ಹೋಗಲಿಲ್ಲ. ಹಾಗೆಂದು ನಾನು ಹೇಳಿಕೊಂಡು ತಿರುಗುತ್ತಿದ್ದೇನೆ. ಡಿಸೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಒಂದು ಗಂಟೆ ಕೂಗಿದೆ. ಅವಳು ಹತ್ತು ಅಡಿ ಆಚೆ, ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಳು. ಕೊನೆಗೆ ಪಕ್ಕದ ಮನೆಯವರು ಬಂದು ಬಾಗಿಲು ಮುರಿದರು. ಅವಳು ಕೈತುಂಬ ಅವರೆ ಸಿಪ್ಪೆ ಅಂಟಿಸಿಕೊಂಡು ಓಡಿ ಬಂದಳು. ಅಷ್ಟು ಜನರ ಮುಂದೆ ನಾನು ಅಂದೆ: "ಈ ಕಿವುಡಿ ಕಟ್ಕೊಂಡು ಸಾಯ್ಬೇಕಾ ನಾನು?" ನೇರ ಅವಳ ಮುಖ ನೋಡಿ ಅಂದೆ. ಅದೊಂದು ಮಾತು ಅವಳಿಗೆ ಸರಿಯಾಗಿ ತಿಳಿಯಿತು.

ಪ್ಲಾಸ್ಟರ್ ಬಿಚ್ಚುವವರೆಗೆ ನನ್ನ ಸೇವೆ ಮಾಡಿದಳು. ಸಂಕ್ರಾಂತಿಯ ಎಳ್ಳು ಬೀರಿದಳು. ಆಮೇಲೆ ತಮ್ಮನನ್ನು ಕರೆಸಿಕೊಂಡು ಹೋದಳು.

೩೦ ಮಾರ್ಚ್, ಭಾನುವಾರ, ಯುಗಾದಿ

ಬಾಗಿಲಿಗೆ ಮಾವಿನೆಲೆ ಕಟ್ಟಿದೆ. ಬೇವು ಬೆಲ್ಲ ಒಬ್ಬನೇ ತಿಂದೆ.

ಹರ್ಷಿತ ಮೆಸೇಜು ಕಳಿಸಿದಳು: "ಹಬ್ಬದ ಶುಭಾಶಯ ಮಾವ. ಅತ್ತೆಗೆ ಇಲ್ಲಿ ಟೈಲ್ಸ್ ನೆಲದ ಮೇಲೆ ನಿಂತು ಕಾಲು ನೋವು. ಅವರ ಹಲಗೆ ಬೇಕಂತೆ. ಅಪ್ಪ ಈ ವಾರ ಬಂದು ತಗೊಂಡು ಹೋಗ್ತಾರೆ."

ನಾಲ್ಕು ಸಲ ಓದಿದೆ. ಸೀರೆ ಕೇಳಿದ್ದರೆ, ಪಾತ್ರೆ ಕೇಳಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹಲಗೆ ಕೇಳಿದಳೆಂದರೆ ಅಲ್ಲೇ ನಿಲ್ಲುವವಳು ಎಂದರ್ಥ.

೩೧ ಮಾರ್ಚ್, ಸೋಮವಾರ

ಪೆಟ್ಟಿಗೆ ಬಿಚ್ಚೋಣವೆಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಹಲಗೆಯ ಮುಂದೆ ಕೂತೆ. ಬಿಚ್ಚಲಿಲ್ಲ.

೪ ಏಪ್ರಿಲ್, ಶುಕ್ರವಾರ

ಅಂಗಡಿಯಿಂದ ಅಡುಗೆಮನೆಗೆ ಉದ್ದದ ತಂತಿ ಎಳೆದಿದ್ದೆ. ತಂತಿ ಉದ್ದವಾದರೆ ಕರೆಂಟು ತಗ್ಗುತ್ತದೆ, ಅಳೆದು ನೋಡಿ ಎಂದು ನವ್ಯಶ್ರೀ ಬೆಳಿಗ್ಗೆ ಸ್ಕೋಪ್ ಕೊಟ್ಟು, ಸಂಜೆಗೆ ವಾಪಸ್ಸು ಬೇಕೆಂದಳು. ಹಲಗೆ ಹೇಗೂ ಹೋಗುತ್ತದೆ. ಆದರೂ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ.

ಅಂಗಡಿಯಲ್ಲಿ ಕೂತು ಒತ್ತಿದೆ. ನಾಲ್ಕೂವರೆ ಆಂಪಿಯರು, ಹಳ್ಳ ಇದೆ. ಮತ್ತೆ ಒತ್ತಿದೆ, ಹಳ್ಳ ಇದೆ. ಬರೆದುಕೊಂಡೆ. ಮತ್ತೆ ಒತ್ತಿದೆ.

ಹಳ್ಳ ಇಲ್ಲ. ಗೆರೆ ನೆಟ್ಟಗೆ ಏರಿ ನಿಂತಿದೆ.

ರಾಡು ಸಿಕ್ಕಿಕೊಂಡಿತೆಂದು ಎರಡು ಸಲ ಒತ್ತಿದೆ. ಇಲ್ಲ. ಇವತ್ತೇ ಕೆಡಬೇಕಿತ್ತಾ ಎಂದು ಬೈದುಕೊಳ್ಳುತ್ತಾ ಒಳಗೆ ಹೋದೆ.

ಒಲೆಯ ಮುಂದೆ ಗಂಗಾ ನಿಂತಿದ್ದಳು. ಹಿತ್ತಲ ಬಾಗಿಲು ತೆರೆದಿತ್ತು, ಅದರ ಬೀಗದ ಕೈ ಅವಳ ಹತ್ತಿರವೇ ಇತ್ತಲ್ಲ. ಹಲಗೆಯ ಮೇಲೆ ಬರಿಗಾಲು. ಬಲಗಾಲಿನ ಹೆಬ್ಬೆರಳು ತೂತಿನ ಮೇಲೆ ಊರಿ, ರಾಡನ್ನು ಅದುಮಿ ಹಿಡಿದಿದ್ದಳು.

"ಹಲ್ಗೆ ತಗೊಂಡೋಗಣ ಅಂತ ಬಂದ್ರೆ ಇದ್ಕೆ ಏನ್ ಕಟ್ಟಿದ್ದೀರ? ಕಾಲಿಟ್ಟ ತಕ್ಷಣ ಮಗ್ಗ ಹೊಡ್ದಂಗಾಯ್ತು. ನಿಲ್ಸಿ ನೋಡ್ದೆ, ನಿಲ್ತು."

ನಾನು ಕಿಟಕಿಯ ಕಡೆ ಸರಿದು ಬೆಳಕಿಗೆ ಮುಖ ಕೊಟ್ಟು ನಿಂತೆ. ಮೆಲ್ಲಗೆ ಹೇಳಿದೆ. "ನಾನ್ ಕರೆದ್ರೆ ನಿಂಗೆ ಗೊತ್ತಾಗ್ಲಿ ಅಂತ."

ನನ್ನ ಬಾಯಿಯನ್ನೇ ನೋಡುತ್ತಿದ್ದಳು. "ಮೀಸೆ ಏನಾಯ್ತು?"

"ಬಿಸ್ಲು" ಎಂದೆ. ಆಮೇಲೆ, "ಅವತ್ತು ನಿಂಗೆ ಅಂದಿದ್ದು ತಪ್ಪಾಯ್ತು ಗಂಗಾ."

"ಏನು?"

ದನಿ ಏರಿಸಲಿಲ್ಲ. ಇನ್ನೂ ನಿಧಾನವಾಗಿ ಹೇಳಿದೆ. "ಅವತ್ತು ಅಂದಿದ್ದು ತಪ್ಪಾಯ್ತು."

"ಮೊದಲ್ನೇ ಸಲಾನೇ ಗೊತ್ತಾಯ್ತು. ಇನ್ನೊಂದ್ ಸಲ ಹೇಳ್ಲಿ ಅಂತ ಕೇಳ್ದೆ" ಎಂದಳು. ನಗಲಿಲ್ಲ. ಕಣ್ಣು ತುಂಬಿತ್ತು. ನನ್ನದೂ.

ಹೊರಗೆ ಅಪ್ಪಯ್ಯಣ್ಣ ಹಾರ್ನ್ ಹೊಡೆದ. ಅವಳಿಗೆ ಕೇಳಲಿಲ್ಲ. ನಾನು ಕೈಯಲ್ಲಿ ಬಾಗಿಲ ಕಡೆ ತೋರಿಸಿದೆ. ಅವಳು ಕದಲದೆ ಹಲಗೆಯನ್ನೇ ನೋಡಿದಳು.

"ನೀವ್ ಕರೆದ್ರೆ ನಾನ್ ಬರ್ಬೇಕು, ಸರಿ. ನಾನ್ ಕರೆದ್ರೆ? ಇಷ್ಟು ವರ್ಷ ಇಲ್ಲಿಂದ ಊಟಕ್ಕೆ ಕೂಗಿದ್ದೀನಲ್ಲ, ಒಂದಿನ ಮೊದಲ್ನೇ ಸಲ ಕೂಗಿದಾಗ ಎದ್ದು ಬಂದಿದ್ದೀರ? ಕಿವಿ ನೆಟ್ಟಗಿರೋರು ನೀವು."

ಎರಡು ತಿಂಗಳು ಕೂತು ಕೆಲಸ ಮಾಡಿದ್ದೇನೆ. ನಾನು ಕರೆಯಬೇಕು, ಅವಳು ಬರಬೇಕು ಎಂಬುದು ಬಿಟ್ಟರೆ ಬೇರೆ ತಲೆಗೇ ಬಂದಿರಲಿಲ್ಲ.

"ಅಂಗ್ಡೀಲಿ ನಿಮ್ ಕಾಲ್ ಕೆಳಗೂ ಒಂದು ಹಾಕಿ. ಆಮೇಲೆ ನೋಡಾಣ" ಎಂದು ಹಲಗೆಯಿಂದ ಇಳಿದಳು.

ಕಾರಿನ ಹತ್ತಿರ ಅಪ್ಪಯ್ಯಣ್ಣ, "ಹಲಗೆ ಎಲ್ಲಿ ಭಾವ?" ಎಂದು ಕೇಳಿದ. ಅವಳು ಅದಾಗಲೇ ಹತ್ತಿ ಕೂತಿದ್ದಳು. ಅದು ಇಲ್ಲೇ ಇರುತ್ತದೆ ಎಂದೆ.

೫ ಏಪ್ರಿಲ್, ಶನಿವಾರ

ಯಾರದು: ಗಂಗಲಕ್ಷ್ಮಮ್ಮನವರದು
ಸುತ್ತು: ೬೦೦
ಗೇಜು: ೨೨

ಮೂರು ಮೋಟಾರು ಕಾಯುತ್ತಿವೆ. ಇದು ಮೊದಲು.

೨೧ ಏಪ್ರಿಲ್, ಸೋಮವಾರ

ಪಿಳ್ಳಣ್ಣನ ಮೋಟಾರಿಗೆ ವಾರ್ನಿಷ್ ಹಾಕುತ್ತಿದ್ದೇನೆ. ಒಂದು ಕಡೆ ಆಯಿತು, ಇನ್ನೊಂದು ಕಡೆ ಬಾಕಿ ಇದೆ. ನಡುವೆ ಬಿಟ್ಟರೆ ಗೆರೆ ಬೀಳುತ್ತದೆ. ಈ ಪುಸ್ತಕ ಹಿಡಿದದ್ದು ಒಂದು ಮಾತು ಬರೆದಿಡಲು: ನಿನ್ನೆ ಅಪ್ಪಯ್ಯಣ್ಣ ಅವಳ ಚೀಲ ಇಳಿಸಿ

ಕಾಲ ಕೆಳಗೆ ಮೂರು ಏಟು. ಊಟಕ್ಕೆ ಕರೆಯುತ್ತಿದ್ದಾಳೆ. ಹೋಗುತ್ತೇನೆ.